ಗೋಡೆಗೆ ಅಂಗಿ ತೊಡಿಸುವ ಮೊದಲು

ಶ್ರೀರಾಮನಗರದ ರೈತನಿಗೆ ಜಿಪ್ಸಂ ಹೊಸ ವಸ್ತುವೇನಲ್ಲ. ಸವಳು ಹತ್ತಿದ ಗದ್ದೆಗೆ ಅದನ್ನು ಚೀಲಗಟ್ಟಲೆ ತಂದು ಎರಚಿ, ನೀರು ನಿಲ್ಲಿಸಿ, ಆ ನೀರನ್ನು ಬಸಿಗಾಲುವೆಗೆ ಹರಿಯಬಿಟ್ಟು, ಕೆಟ್ಟ ನೆಲ ಮತ್ತೆ ಭತ್ತಕ್ಕೆ ಒಲಿಯುವುದನ್ನು ಅವನು ಬಲ್ಲ. ಅದೇ ಜಿಪ್ಸಂ ಈಗ ಎರಡು ಕಾಗದಗಳ ನಡುವೆ ಅರ್ಧ ಅಂಗುಲ ದಪ್ಪದ ಹಲಗೆಯಾಗಿ, ಟೆಂಪೋ ಏರಿ, ಅವನು ಕಟ್ಟಿಸುತ್ತಿರುವ ಮನೆಯ ಪಡಸಾಲೆಗೆ ಬಂದಿಳಿಯುತ್ತದೆ. ಗದ್ದೆಯ ಔಷಧಿ ಗೋಡೆಯ ಅಂಗಿಯಾಗುತ್ತದೆ. ಅಂಗಿಯೇನೋ ನುಣುಪಾದದ್ದು, ಬೆಳ್ಳಗಿನದು, ನೋಡಿದವರು ಮೆಚ್ಚುವಂಥದು. ಆದರೆ ಒಳಗಿನ ಮೈ ಹೇಗಿದೆ ಎಂಬುದನ್ನು ನೋಡದೆ ಅಂಗಿ ತೊಡಿಸಿದರೆ ಏನಾದೀತು? ಮನೆಗೆ ಹಾಕಿದ ಹಣ ಉಳಿಯುವುದೂ ಹೋಗುವುದೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ನೀರು ತಂದ ಊರು

ಗಂಗಾವತಿಯಿಂದ ಕಾರಟಗಿಯ ಕಡೆಗೆ ಹೊರಟವರಿಗೆ ದಾರಿಯ ಎರಡೂ ಬದಿಗೆ ಕಾಣುವುದು ಭತ್ತದ ಗದ್ದೆಗಳು, ಅಕ್ಕಿ ಗಿರಣಿಗಳ ಎತ್ತರದ ಹೊಗೆಕೊಳವೆಗಳು, ಮತ್ತು ನಡುನಡುವೆ 'ಕ್ಯಾಂಪು' ಎಂಬ ಹೆಸರಿನ ಊರುಗಳು. ಹಿಂದೆ ಈ ಸೀಮೆ ಜೋಳ, ಹತ್ತಿಗಳ ಕಪ್ಪು ಮಣ್ಣಿನ ನಾಡು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನ ಕೆಲಸ ಒಂದು ಹಂತಕ್ಕೆ ಬಂದು, 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಇದರ ಮುಖವೇ ಬದಲಾಯಿತು. ಕರಾವಳಿ ಆಂಧ್ರದ ಕೃಷ್ಣಾ, ಗೋದಾವರಿ ತೀರಗಳಿಂದ ಭತ್ತ ಬೆಳೆಯಬಲ್ಲ ರೈತ ಕುಟುಂಬಗಳು ಬಂದು ನೆಲ ಕೊಂಡು ಬಿಡಾರ ಹೂಡಿದವು. ನಿಜಾಮನ ಆಳ್ವಿಕೆಯಲ್ಲಿದ್ದು, 1956ರಲ್ಲಿ ಏಕೀಕೃತ ಮೈಸೂರು ರಾಜ್ಯಕ್ಕೆ ಸೇರಿದ ಈ ನೆಲದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಸಂತೆಯ ಮಾತಾಗಿ ಬೆರೆತವು. ಶ್ರೀರಾಮನಗರ ಇಂತಹ ಬಿಡಾರವಾಗಿ ತೊಡಗಿ ಪಟ್ಟಣದ ಲಕ್ಷಣ ಪಡೆದ ಊರು.

ಇಲ್ಲಿಯ ಮನೆಗಳಿಗೂ ಒಂದು ಚರಿತ್ರೆ ಉಂಟು. ಮೊದಲು ಹುಲ್ಲು ಹೊದಿಸಿದ ಗುಡಿಸಲು. ಎರಡು ಬೆಳೆ ಕೈಗೆ ಬಂದ ಮೇಲೆ ಇಟ್ಟಿಗೆಯ ಗೋಡೆ. ಮಗಳ ಮದುವೆಯ ಹೊತ್ತಿಗೆ ಮುಂದಿನ ಪಡಸಾಲೆ. ಮಗ ಓದು ಮುಗಿಸಿದ ಮೇಲೆ ಕಾಂಕ್ರೀಟಿನ ಮಹಡಿ. ನಕ್ಷೆ ಹಿಡಿದು ಒಂದೇ ಬಾರಿಗೆ ಕಟ್ಟಿ ಮುಗಿಸಿದ ಮನೆಗಿಂತ ಹೀಗೆ ಸುಗ್ಗಿಯಿಂದ ಸುಗ್ಗಿಗೆ, ಯಜಮಾನನೇ ಬಿಸಿಲಲ್ಲಿ ನಿಂತು, ಗೌಂಡಿಯೊಡನೆ ವಾದಿಸಿ ಕಟ್ಟಿಸಿದ ಮನೆಗಳೇ ಇಂತಹ ಊರುಗಳ ಸೊಬಗು. ಅದೇ ಅವುಗಳ ತೊಡಕು ಕೂಡ. ಒಂದೊಂದು ಕಾಲದ ಗೋಡೆಗೆ ಒಂದೊಂದು ಬುನಾದಿ, ಒಂದೊಂದು ಗಾರೆ. ಹಳೆಯ ಗೋಡೆಯೂ ಹೊಸ ಗೋಡೆಯೂ ಸೇರುವಲ್ಲಿ ಮೇಲಿನಿಂದ ಕೆಳಗೆ ಒಂದು ಬಿರುಕು ಇದ್ದೇ ಇರುತ್ತದೆ. ಆ ಬಿರುಕನ್ನೂ ಕೆಳಗಿನ ಒದ್ದೆಯ ಕಲೆಯನ್ನೂ ತೋರಿಸಿ ಮನೆಯೊಡತಿ ಕೇಳಿದಾಗ ಕೆಲಸದವನಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ:

"ಬೋರ್ಡು ಹಾಕಿಬಿಟ್ರ ಏನೂ ಕಾಣಂಗಿಲ್ರಿ ಅಮ್ಮಾರ."

ಆತ ಹೇಳುವುದು ಸುಳ್ಳಲ್ಲ. ಏನೂ ಕಾಣುವುದಿಲ್ಲ. ಅಪಾಯವಿರುವುದೇ ಅಲ್ಲಿ.

ಹಲಗೆಯ ಒಳಗುಟ್ಟು

ಚಪ್ಪಡಿಯನ್ನು ಅಂಚಿನ ಮೇಲೆ ನಿಲ್ಲಿಸಿ ಗೋಡೆ ಮಾಡುವ ವಿದ್ಯೆ ಈ ಸೀಮೆಗೆ ಅಪರಿಚಿತವಲ್ಲ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ, ಚರಿತ್ರೆ ಬರೆಯುವವರಿಲ್ಲದ ಕಾಲದ ಜನ, ದೊಡ್ಡ ದೊಡ್ಡ ಕಲ್ಲುಹಲಗೆಗಳನ್ನು ಸುತ್ತ ನಿಲ್ಲಿಸಿ ಮೇಲೊಂದನ್ನು ಹೊದಿಸಿ ಕಟ್ಟಿದ 'ಮೋರೇರ ಮನೆ'ಗಳು ಇಂದಿಗೂ ನಿಂತಿವೆ. ನದಿಯಾಚೆ ಹಂಪೆಯಲ್ಲಿ ಇಟ್ಟಿಗೆ ಗೋಪುರಗಳ ಮೇಲೆ ವಿಜಯನಗರದ ಕುಶಲಿಗಳು ಸುಣ್ಣದ ಗಚ್ಚಿನಿಂದ ಎತ್ತಿದ ಬೊಂಬೆ ಬಳ್ಳಿಗಳುಂಟು. ಒಂದು ಒಣ ಕೆಲಸ, ಇನ್ನೊಂದು ಹಸಿ ಕೆಲಸ. ಜಿಪ್ಸಂ ಹಲಗೆ ಇವೆರಡರ ನಡುವಿನದು: ಕಾರ್ಖಾನೆಯಲ್ಲಿ ಹಸಿಯಾಗಿ ಹುಟ್ಟಿ, ಮನೆಗೆ ಒಣಗಿ ಬರುತ್ತದೆ.

ಜಿಪ್ಸಂ ಎಂಬ ಮೆದುಗಲ್ಲಿನ ನೂರು ತೂಕದಲ್ಲಿ ಸುಮಾರು 21 ತೂಕ ನೀರೇ ಆಗಿದೆ. ಹಸಿ ನೀರಲ್ಲ, ಹರಳಿನೊಳಗೆ ಕಟ್ಟಿಹಾಕಿದ ನೀರು. 150 ಡಿಗ್ರಿಯ ಸುಮಾರಿಗೆ ಹುರಿದರೆ ಅದರಲ್ಲಿ ಮುಕ್ಕಾಲು ಪಾಲು ಹಾರಿಹೋಗಿ ಉಳಿಯುವುದೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಅದಕ್ಕೆ ಮತ್ತೆ ನೀರು ಬೆರೆಸಿದರೆ ಕಳೆದುಕೊಂಡದ್ದನ್ನು ಹೀರಿಕೊಂಡು ಕೆಲವೇ ನಿಮಿಷಗಳಲ್ಲಿ ಕಲ್ಲಾಗಿ ಕೂರುತ್ತದೆ. ಕೂರುವ ಮೊದಲೇ ಆ ಹಿಟ್ಟನ್ನು ಎರಡು ದಪ್ಪ ಕಾಗದಗಳ ನಡುವೆ ಹರಡಿ ಒಣಗಿಸಿದರೆ ಹಲಗೆ. ಅಮೆರಿಕದ ಆಗಸ್ಟೀನ್ ಸ್ಯಾಕೆಟ್ ಎಂಬಾತ ಕಾಗದ, ಪ್ಲಾಸ್ಟರುಗಳನ್ನು ಪದರಪದರವಾಗಿ ಸೇರಿಸಿದ ಇಂತಹ ಹಲಗೆಗೆ 1894ರಲ್ಲಿ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧದ ಅನಂತರ ಬೇಗ ಬೇಗ ಮನೆ ಕಟ್ಟಬೇಕಾಗಿ ಬಂದಾಗ ಆ ದೇಶದಲ್ಲಿ ಗಾರೆಯವನ ಕರಣೆಯನ್ನು ಈ ಹಲಗೆ ಬಹುಮಟ್ಟಿಗೆ ಮೂಲೆಗೊತ್ತಿತು.

ಹರಳಿನೊಳಗಿನ ಆ ನೀರು ಮನೆಗೆ ಒಂದು ಉಪಕಾರ ಮಾಡುತ್ತದೆ. ಬೆಂಕಿ ತಗುಲಿದಾಗ ಮೇಲಿನ ಕಾಗದ ಕರಿಕಾದರೂ ಒಳಗಿನ ನೀರೆಲ್ಲ ಆವಿಯಾಗಿ ಹೋಗುವವರೆಗೆ ಬೆಂಕಿ ಆಚೆಗೆ ದಾಟಲಾರದು. ಆದರೆ ಹೊರಗಿನ ನೀರು ಮಾತ್ರ ಹಲಗೆಯ ಶತ್ರು. ಜಿಪ್ಸಂ ನೀರಿನಲ್ಲಿ ಕೊಂಚ ಕೊಂಚವಾಗಿ ಕರಗುವ ವಸ್ತು. ಗದ್ದೆಯಲ್ಲಿ ಅದು ಉಪಯೋಗಕ್ಕೆ ಬರುವುದೇ ಈ ಗುಣದಿಂದ. ಗೋಡೆಯಲ್ಲಿ ಕೆಡುವುದೂ ಇದೇ ಗುಣದಿಂದ. ಒದ್ದೆಯಾದ ಹಲಗೆ ಮೆತ್ತಗಾಗುತ್ತದೆ, ಕಾಗದ ಬೂಷ್ಟು ಹಿಡಿಯುತ್ತದೆ. ಗೆದ್ದಲಿಗೆ ಜಿಪ್ಸಂ ಬೇಡ, ಕಾಗದ ಬೇಕು.

ಸವಳು ಗದ್ದೆ, ಸವಳು ಗೋಡೆ

ಕಾಲುವೆ ಬಂದ ಕಡೆ ಬಸಿಗಾಲುವೆ ಹಿಂದೆಬಿದ್ದರೆ ಏನಾಗುತ್ತದೆಂಬುದನ್ನು ತುಂಗಭದ್ರೆಯ ಅಚ್ಚುಕಟ್ಟು ಕಂಡಿದೆ. ನೆಲದೊಳಗಿನ ನೀರು ಮೇಲೇರಿ, ತನ್ನೊಡನೆ ಉಪ್ಪನ್ನೂ ತಂದು, ಬಿಸಿಲಿಗೆ ನೀರು ಹಾರಿ ಉಪ್ಪು ಉಳಿದು, ಸವಳು-ಜವಳು ಭೂಮಿ ಬೆಳೆಯುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂತಹ ನೆಲದ ಮೇಲೆ ಬಹುಕಾಲದಿಂದ ಸಂಶೋಧನೆ ನಡೆದಿದೆ. ಜೇಡಿಗೆ ಅಂಟಿದ ಸೋಡಿಯಂ ಅನ್ನು ಜಿಪ್ಸಂನ ಕ್ಯಾಲ್ಸಿಯಂ ಕಿತ್ತು ಹೊರಹಾಕುತ್ತದೆ. ಹೊರಬಿದ್ದದ್ದನ್ನು ನೀರು ತೊಳೆದುಕೊಂಡು ಹೋಗಬೇಕು. ಬಸಿಯಲು ದಾರಿಯೇ ಇಲ್ಲದ ಗದ್ದೆಗೆ ಎಷ್ಟು ಚೀಲ ಜಿಪ್ಸಂ ಸುರಿದರೂ ಹಣ ಮಣ್ಣುಪಾಲು.

ಗೋಡೆಯ ರೋಗವೂ ಅದೇ. ಬುನಾದಿಯ ಮೇಲೆ, ಗೋಡೆಯ ಕೆಳಗೆ, ತೇವ ತಡೆಯುವ ಪದರ ಹಾಕದೆ ಕಟ್ಟಿದ ಇಟ್ಟಿಗೆ ದೀಪದ ಬತ್ತಿಯಂತೆ ನೆಲದ ನೀರನ್ನು ಹೀರಿ ಎರಡು ಮೂರು ಅಡಿ ಏರಿಸುತ್ತದೆ. ನೀರು ಒಣಗಿದಲ್ಲಿ ಬೆಳ್ಳಗೆ ಉಪ್ಪಿನ ಹೂ ಅರಳುತ್ತದೆ, ಗಿಲಾವು ಪುಡಿಪುಡಿಯಾಗಿ ಉದುರುತ್ತದೆ. ಪ್ರತಿ ದೀಪಾವಳಿಗೆ ಬಣ್ಣ ಬಳಿದರೂ ಸಂಕ್ರಾಂತಿಗೆ ಮತ್ತೆ ಅದೇ ನಕ್ಷೆ. ಬೇಸತ್ತ ಗೃಹಸ್ಥ ಅದರ ಮೇಲೆ ಹಲಗೆ ಅಂಟಿಸುತ್ತಾನೆ. ಗೋಡೆಗೆ ಅಲ್ಲಲ್ಲಿ ಅಂಟುಹಿಟ್ಟಿನ ಮುದ್ದೆಗಳನ್ನು ಮೆತ್ತಿ ಹಲಗೆಯನ್ನು ಒತ್ತಿ ಕೂರಿಸುವ ಸುಲಭದ ಪದ್ಧತಿಯೊಂದಿದೆ. ಒಣ ಗೋಡೆಗೆ ಅದು ತಕ್ಕದ್ದೇ. ಒದ್ದೆ ಗೋಡೆಯಲ್ಲಿ ಆ ಮುದ್ದೆಗಳೇ ನೀರಿಗೆ ಸೇತುವೆ. ಮೊದಲ ವರ್ಷ ಹಲಗೆಯ ಮೇಲೆ ರೂಪಾಯಿ ಅಗಲದ ಕಲೆಗಳು ಸಾಲುಸಾಲಾಗಿ ಮೂಡುತ್ತವೆ. ಪ್ರತಿ ಮುದ್ದೆಗೆ ಒಂದು ಕಲೆ. ಅನಂತರ ಕೆಳ ಅಂಚು ಉಬ್ಬುತ್ತದೆ. ಕಡೆಗೆ ಮಂಚ ಸರಿಸಿ ನೋಡಿದ ಮನೆಯೊಡತಿಗೆ ಹಿಂದಿನದಕ್ಕಿಂತ ಕೆಟ್ಟ ಗೋಡೆ ಕಾಣಸಿಗುತ್ತದೆ. ಏಕೆಂದರೆ ಮೊದಲು ಗಾಳಿಗೆ ಅಷ್ಟಿಷ್ಟು ಒಣಗುತ್ತಿದ್ದ ಗೋಡೆಗೆ ಈಗ ಆ ಉಸಿರೂ ಇಲ್ಲ.

ಆದ್ದರಿಂದ ಹಲಗೆಗೆ ಮುಂಗಡ ಕೊಡುವ ಮೊದಲು ಗೋಡೆಯನ್ನು ಪರೀಕ್ಷಿಸಬೇಕು. ಅದಕ್ಕೆ ಖರ್ಚು ಒಂದು ಹಾಲಿನ ಚೀಲದಷ್ಟೇ. ಒಂದು ಚದರಡಿಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚನ್ನು ಅಂಟುಪಟ್ಟಿಯಿಂದ ಭದ್ರಪಡಿಸಿ, ಎರಡು ದಿನ ಬಿಡುವುದು. ಹಾಳೆಯ ಒಳಮೈಯಲ್ಲಿ ನೀರಹನಿ ನಿಂತರೆ ಅಥವಾ ಕೆಳಗಿನ ಗೋಡೆ ಕಪ್ಪಾದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈ ಬೆವತರೆ ತೇವ ಕೋಣೆಯ ಗಾಳಿಯದು. ಕಿಟಕಿ ತೆರೆದಿಟ್ಟರೆ ಸಾಕಾದೀತು.

ಈ ಪರೀಕ್ಷೆಗೆ ಶ್ರೀರಾಮನಗರದಂತಹ ಊರಿನಲ್ಲಿ ಒಂದು ಮುಖ್ಯ ನಿಯಮ ಸೇರಬೇಕು. ಏಪ್ರಿಲ್‌ನ ಬಿಸಿಲಿನಲ್ಲಿ, ಕಾಲುವೆ ಬತ್ತಿರುವಾಗ, ಯಾವ ಗೋಡೆಯೂ ಒಣಗಿಯೇ ಇರುತ್ತದೆ. ಅದರ ಮಾತನ್ನು ನಂಬಬಾರದು. ಕಾಲುವೆಯಲ್ಲಿ ನೀರಿರುವಾಗ, ಸುತ್ತಲ ಗದ್ದೆಗಳು ತುಂಬಿ ನಿಂತಿರುವಾಗ, ಪರೀಕ್ಷೆ ನಡೆಯಬೇಕು. ಸುಗ್ಗಿಯ ಹಣ ಕೈಗೆ ಬಂದ ಕೂಡಲೇ ಬೇಸಗೆಯಲ್ಲಿ ಕೆಲಸ ಮುಗಿಸುವ ಆತುರವೇ ಇಲ್ಲಿ ಮೋಸ ಮಾಡುವುದು. ಹಣ ಬಂದ ಕಾಲ ಬೇರೆ, ಗೋಡೆ ನಿಜ ನುಡಿಯುವ ಕಾಲ ಬೇರೆ.

ಗೋಡೆ ಒದ್ದೆಯೆಂದು ತಿಳಿದರೆ ಚಿಕಿತ್ಸೆ ಹೊರಗಿನಿಂದ ತೊಡಗತಕ್ಕದ್ದು. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತಿದೆಯೆ? ವರ್ಷ ವರ್ಷ ಏರಿಸಿದ ರಸ್ತೆ ಮನೆಯ ನೆಲಕ್ಕಿಂತ ಎತ್ತರವಾಗಿದೆಯೆ? ಮಾಳಿಗೆಯ ನೀರು ಕೊಳವೆಯಿಂದ ನೇರ ಬುನಾದಿಗೆ ಬೀಳುತ್ತಿದೆಯೆ? ಸುತ್ತ ಎರಡು ಮೂರಡಿ ಅಗಲಕ್ಕೆ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಹಾಸು, ಅದರಂಚಿಗೆ ಚರಂಡಿ, ಹಳೆಯ ಉಪ್ಪುಗಿಲಾವನ್ನು ಕಿತ್ತು ಇಟ್ಟಿಗೆಯನ್ನು ಬಯಲಿಗಿಡುವುದು. ಇವಿಷ್ಟರಿಂದಲೇ ಎಷ್ಟೋ ಗೋಡೆಗಳು ಸುಧಾರಿಸುತ್ತವೆ. ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬುದು ಗೋಡೆ ಒಣಗುವುದಕ್ಕೆ ಕಟ್ಟಡದವರ ಹಳೆಯ ಲೆಕ್ಕ. ಒಂಬತ್ತು ಅಂಗುಲದ ಗೋಡೆಗೆ ಒಂಬತ್ತು ತಿಂಗಳು! ಕೂಸು ಹುಟ್ಟುವ ಅವಧಿ. ಕಾಯಲಾರದವರು ಆ ಗೋಡೆಯ ಗೊಡವೆಗೆ ಹೋಗದೆ ಸುಣ್ಣದ ಗಾರೆ ಮಾಡಿಸಿ ಸುಮ್ಮನಿರುವುದು ಲೇಸು. ಸುಣ್ಣಕ್ಕೆ ತೇವವನ್ನು ಹೊರಬಿಡುವ ಗುಣವಿದೆ.

ಇನ್ನು ಬಿರುಕು. ಕಪ್ಪು ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಾಯಿಬಿಡುವ ಮಣ್ಣು. ಆಳವಿಲ್ಲದ ಬುನಾದಿ ಅದರೊಡನೆ ಏರಿಳಿಯುತ್ತದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಕಂಬಗಳನ್ನು ನೆಲದಾಳಕ್ಕೆ ಇಳಿಸುವ ಕ್ರಮವನ್ನು ರೂಪಿಸಿದ್ದೇ ಇಂತಹ ಮಣ್ಣಿಗಾಗಿ. ಕಟ್ಟಿ ಮುಗಿದ ಮನೆಗೆ ಅದು ಬಾರದು. ಇರುವ ಬಿರುಕು ಸತ್ತದ್ದೋ ಬದುಕಿದ್ದೋ ಎಂದು ತಿಳಿಯಲು ಅದರ ಮೇಲೆ ಅಡ್ಡಲಾಗಿ ಒಂದು ಗಾಜಿನ ತುಂಡನ್ನು ಗಟ್ಟಿಯಾಗಿ ಅಂಟಿಸಿ ಪಕ್ಕದಲ್ಲಿ ತಾರೀಖು ಬರೆಯಬಹುದು. ಒಂದು ಮಳೆಗಾಲ, ಒಂದು ಬೇಸಗೆ ಕಳೆದೂ ಗಾಜು ಒಡೆಯದಿದ್ದರೆ ಬಿರುಕು ಸತ್ತಿದೆ. ಒಡೆದರೆ ಅದರ ಮೇಲೆ ಹಲಗೆ ಹಾಕಿ ಮರೆಯುವುದಕ್ಕಿಂತ ಬುನಾದಿ ಬಲ್ಲ ಇಂಜಿನಿಯರನ್ನು ಕರೆಸುವುದು ಒಳಿತು.

ಚೌಕಟ್ಟು ಮತ್ತು ಹಲಗೆ

ಗೋಡೆ ಒಪ್ಪಿಗೆ ಕೊಟ್ಟಿತೆನ್ನಿ. ಈ ಸೀಮೆಗೆ ಒಗ್ಗುವುದು ಅಂಟಿಸುವ ಪದ್ಧತಿಯಲ್ಲ, ಚೌಕಟ್ಟಿನ ಪದ್ಧತಿ. ಗೋಡೆಯಿಂದ ಒಂದೆರಡು ಅಂಗುಲ ಈಚೆಗೆ, ನೆಲಕ್ಕೂ ಮೇಲಿನ ಛಾವಣಿಗೂ ತಗಡಿನ ಚಾನೆಲ್ ಬಿಗಿದು, ಅವುಗಳ ನಡುವೆ ನಿಲುಪಟ್ಟಿಗಳನ್ನು ನಿಲ್ಲಿಸುವುದು. ಆಗ ಹಲಗೆ ಗೋಡೆಯನ್ನು ಮುಟ್ಟುವುದೇ ಇಲ್ಲ. ಮರದ ರೀಪು ಅಗ್ಗವೆಂದು ಬಡಗಿ ಹೇಳಿದರೂ ಗೆದ್ದಲಿನ ನಾಡಿನಲ್ಲಿ ಸತುವು ಲೇಪಿಸಿದ ಉಕ್ಕಿನ ಪಟ್ಟಿಯೇ ಕ್ಷೇಮ.

ಬಣ್ಣದ ದಾರ ಹೊಡೆದು ನೆಲದಲ್ಲಿ ಗೆರೆ ಹಾಕಿಕೊಂಡು, ತೂಗುಗುಂಡಿನಿಂದ ಅದೇ ಗೆರೆಯನ್ನು ಛಾವಣಿಗೆ ಏರಿಸಬೇಕು. ಹಳೆಯ ಗೋಡೆ ಎಷ್ಟೇ ವಾಲಿರಲಿ, ಹೊಸ ಚೌಕಟ್ಟು ತೂಗುಗುಂಡಿನ ಮಾತನ್ನೇ ಕೇಳತಕ್ಕದ್ದು. ನಿಲುಪಟ್ಟಿಗಳ ನಡುವಣ ಅಂತರ, ಕೇಂದ್ರದಿಂದ ಕೇಂದ್ರಕ್ಕೆ, ಎರಡು ಅಡಿ. ನಾಲ್ಕಡಿ ಅಗಲದ ಹಲಗೆಯ ಎರಡು ಅಂಚೂ ಸರಿಯಾಗಿ ಒಂದೊಂದು ಪಟ್ಟಿಯ ನಡುಮೈಗೆ ಬಂದು ಕೂರುವುದು ಈ ಅಳತೆಯಿಂದ. ನಿಲುಪಟ್ಟಿಯನ್ನು ಕೋಣೆಯ ಎತ್ತರಕ್ಕಿಂತ ಅರ್ಧ ಅಂಗುಲದಷ್ಟು ಕಡಿಮೆ ಕತ್ತರಿಸಬೇಕು. ಎರೆಮಣ್ಣಿನ ಮನೆ ಕೊಂಚ ಅಲುಗಿದರೂ ಚೌಕಟ್ಟು ಸೊಟ್ಟಗಾಗಬಾರದು.

ಹಲಗೆ ಮುಚ್ಚುವ ಮೊದಲು ಮನೆಯವರೆಲ್ಲ ಒಂದು ಸಂಜೆ ಆ ಕೋಣೆಯಲ್ಲಿ ಕುಳಿತು ಯೋಚಿಸುವುದು ಅಗತ್ಯ. ಇದನ್ನು ಗಂಡಸರಿಗೆ ಬಿಟ್ಟರೆ ಕೆಡುತ್ತದೆ. ದೇವರ ಪಟಗಳು ಎಲ್ಲಿ? ಗೋಡೆ ಗಡಿಯಾರ ಎಲ್ಲಿ? ಟೆಲಿವಿಷನ್ ಎಲ್ಲಿ? ಹಳೆಯ ಗೋಡೆಗೆ ಎಲ್ಲಿ ಬೇಕಾದರೂ ಮೊಳೆ ಹೊಡೆಯಬಹುದಿತ್ತು. ಹಲಗೆಗೆ ಹೊಡೆದ ಮೊಳೆ ಕ್ಯಾಲೆಂಡರನ್ನು ಹೊತ್ತೀತೇ ಹೊರತು ಪುಸ್ತಕದ ಕಪಾಟನ್ನು ಹೊರಲಾರದು. ಭಾರ ಬರುವಲ್ಲೆಲ್ಲ ಮುಂಚಿತವಾಗಿಯೇ ಪಟ್ಟಿಗಳ ನಡುವೆ ಗಟ್ಟಿ ಪ್ಲೈವುಡ್ ತುಂಡನ್ನು ಅಡ್ಡಲಾಗಿ ಕೂರಿಸಬೇಕು. ತೊಟ್ಟಿಲಿನ ಕೊಂಡಿ ಮಾತ್ರ ಹಲಗೆಗಾಗಲಿ ಅದರ ಚೌಕಟ್ಟಿಗಾಗಲಿ ಎಂದೂ ಅಲ್ಲ. ಅದು ಕಾಂಕ್ರೀಟಿನ ಛಾವಣಿಯಿಂದಲೇ ನೇರ ಇಳಿಯಬೇಕು. ವಿದ್ಯುತ್ತಿನ ತಂತಿ, ಸ್ವಿಚ್ಚಿನ ಪೆಟ್ಟಿಗೆಗಳು ಮೊದಲೇ ಕೂತಿರಬೇಕು. ತಂತಿ ಎಲ್ಲೆಲ್ಲಿ ಹಾದಿದೆ ಎಂಬುದನ್ನು ಅಳತೆಯೊಡನೆ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ ಹತ್ತು ವರ್ಷದ ಮೇಲೆ ಮೊಳೆ ಹೊಡೆಯುವವನ ಪ್ರಾಣ ಉಳಿಯುತ್ತದೆ.

ಆರಡಿ ಉದ್ದ, ನಾಲ್ಕಡಿ ಅಗಲದ ಹಲಗೆ ಸುಮಾರು ಇಪ್ಪತ್ತು ಕಿಲೋ ತೂಗುತ್ತದೆ. ಇಬ್ಬರು ಹಿಡಿದು, ಅಂಚಿನ ಮೇಲೆ ನಿಲ್ಲಿಸಿ ಒಯ್ಯಬೇಕು. ಮಲಗಿಸಿ ಒಯ್ದರೆ ನಡುವೆ ಮುರಿದೀತು. ಇಡುವಾಗ ಮಾತ್ರ ಮಲಗಿಸಿಯೇ, ನೆಲದಿಂದ ಎತ್ತರಿಸಿದ ರೀಪುಗಳ ಮೇಲೆ ಇಡಬೇಕು. ಗೋಡೆಗೆ ಒರಗಿಸಿಟ್ಟ ಹಲಗೆ ನಾಲ್ಕು ದಿನಕ್ಕೆ ಮುದುಕನ ಬೆನ್ನಾಗುತ್ತದೆ.

ಕತ್ತರಿಸುವ ರೀತಿ ನೋಡಲು ಸೊಗಸು. ಗರಗಸ ಬೇಡ. ಮುಂಬದಿಯ ಕಾಗದವನ್ನು ಚೂರಿಯಿಂದ ಗೆರೆ ಎಳೆದಂತೆ ಸೀಳಿ, ಹಿಂದಿನಿಂದ ಒಂದು ಏಟು ಕೊಟ್ಟರೆ ಸಂಡಿಗೆ ಮುರಿದಂತೆ ನೇರವಾಗಿ ಮುರಿಯುತ್ತದೆ. ಹಿಂಬದಿಯ ಕಾಗದವನ್ನು ಅನಂತರ ಕೊಯ್ದುಕೊಂಡರಾಯಿತು. ಇನ್ನೊಂದು ಎಚ್ಚರಿಕೆ: ಎರಡು ಹಲಗೆಗಳ ಸಂದು ಬಾಗಿಲ ಚೌಕಟ್ಟಿನ ಮೂಲೆಗೆ ನೇರವಾಗಿ ಬರಬಾರದು. ಬಾಗಿಲು ಬಡಿದಾಗಲೆಲ್ಲ ಅಲುಗುವ ಜಾಗ ಅದು. ಮೂಲೆಯನ್ನು ಬಳಸಿ ಬರುವಂತೆ ಹಲಗೆಯನ್ನೇ ಕಚ್ಚು ಮಾಡಿ ಕೊಯ್ದು ಕೂರಿಸಿದರೆ ಬಿರುಕಿಗೆ ಎಡೆಯಿಲ್ಲ. ಕೋಣೆ ಹತ್ತಡಿ ಎತ್ತರವಿದ್ದು ಒಂದರ ಮೇಲೊಂದು ಹಲಗೆ ಬರುವುದಾದರೆ ಅಡ್ಡ ಸಂದುಗಳು ಒಂದೇ ಸಾಲಿನಲ್ಲಿ ನಿಲ್ಲದೆ, ಇಟ್ಟಿಗೆ ಜೋಡಿಸಿದಂತೆ ಮೇಲುಕೆಳಗಾಗಬೇಕು. ಪ್ರತಿಯೊಂದರ ಹಿಂದೆಯೂ ಅಡ್ಡಪಟ್ಟಿ ಇರಬೇಕು.

ಸ್ಕ್ರೂಗಳು ಒಂಬತ್ತು ಅಂಗುಲಕ್ಕೊಂದರಂತೆ, ಹಲಗೆಯ ನಡುವಿನಿಂದ ಅಂಚಿನ ಕಡೆಗೆ. ತಲೆ ಕಾಗದದ ಮಟ್ಟಕ್ಕಿಂತ ಎಳ್ಳಿನಷ್ಟು ಒಳಗಿಳಿಯಬೇಕು, ಆದರೆ ಕಾಗದ ಹರಿಯಬಾರದು. ಕಾಗದ ಹರಿದ ಸ್ಕ್ರೂ ಹಿಡಿಯುವುದು ಏನನ್ನೂ ಇಲ್ಲ. ಯಂತ್ರದಿಂದ ಸ್ಕ್ರೂ ತಿರುಗಿಸುವ ಹುಡುಗನ ಉತ್ಸಾಹವನ್ನು ಯಜಮಾನನು ಅಂಕೆಯಲ್ಲಿಡಬೇಕಾದುದು ಇಲ್ಲಿಯೇ.

ಕೆಳ ಅಂಚಿನ ವಿಷಯದಲ್ಲಿ ಪರದೇಶದ ಪುಸ್ತಕಗಳು ನಮ್ಮ ಮನೆಗಳನ್ನು ಅರಿಯವು. ಅಲ್ಲಿ ನೆಲ ಒರೆಸುತ್ತಾರೆ. ಇಲ್ಲಿ ಹಬ್ಬದ ಹಿಂದಿನ ದಿನ ಬಿಂದಿಗೆಗಟ್ಟಲೆ ನೀರು ಸುರಿದು ತೊಳೆಯುತ್ತಾರೆ. ಹಲಗೆ ನೆಲಕ್ಕೆ ತಾಗಿದ್ದರೆ ಆ ನೀರನ್ನು ಕುಡಿಯದೆ ಬಿಡದು. ನೆಲದಿಂದ ಅರ್ಧ ಅಂಗುಲ ಬಿಟ್ಟು ಹಲಗೆ ನಿಲ್ಲಿಸಿ, ಆ ಸಂದನ್ನು ನೀರು ತಡೆಯುವ ಅಂಟಿನಿಂದ ತುಂಬಿ, ಅದರ ಮೇಲೆ ಆರು ಅಂಗುಲ ಎತ್ತರದ ಕಲ್ಲಿನ ಅಥವಾ ಹೆಂಚಿನ ಪಟ್ಟಿ ಹಾಯಿಸುವುದು ಅವಶ್ಯ. ಇದರಿಂದ ಮತ್ತೊಂದು ಲಾಭವೂ ಉಂಟು. ಭತ್ತದ ಮೂಟೆಗಳಿರುವ ಮನೆಗಳಲ್ಲಿ ಇಲಿಗೆ ಬರವಿಲ್ಲ. ಹಲಗೆಯ ಹಿಂದಿನ ಬರಿದಾದ ಎಡೆ ಅದಕ್ಕೆ ಅರಮನೆ. ಬೆರಳು ತೂರುವಷ್ಟು ಕಂಡಿ ಉಳಿದರೂ ಗೃಹಪ್ರವೇಶ ಮೊದಲು ಅದರದೇ.

ಸಂದಿನಲ್ಲಿ ಕಸುಬು

ಹಲಗೆ ನಿಲ್ಲಿಸುವುದನ್ನು ಯಾರೂ ಒಂದು ದಿನದಲ್ಲಿ ಕಲಿತಾರು. ಕಸುಬುಗಾರನ ಕೈ ತಿಳಿಯುವುದು ಸಂದಿನಲ್ಲಿ. ಹಲಗೆಯ ಉದ್ದನೆಯ ಅಂಚುಗಳು ಕೊಂಚ ತೆಳುವಾಗಿ ಇಳಿದಿರುತ್ತವೆ. ಎರಡು ಹಲಗೆ ಕೂಡಿದಲ್ಲಿ ಆಳವಿಲ್ಲದ ಒಂದು ಕಣಿವೆಯಾಗುತ್ತದೆ. ಅದರಲ್ಲಿ ಸಂದು ತುಂಬುವ ಹಿಟ್ಟನ್ನು ಸಮನಾಗಿ ಎಳೆದು, ಹಸಿಯಿರುವಾಗಲೇ ಕಾಗದದ ಟೇಪನ್ನು ನಡುವೆ ಇಟ್ಟು, ಅಗಲದ ಕರಣೆಯಿಂದ ಮೇಲಿನಿಂದ ಕೆಳಗೆ ಒತ್ತಿ ಒಳಗಿನ ಗಾಳಿಯನ್ನೆಲ್ಲ ಹೊರಡಿಸಬೇಕು. ಗಾಳಿಗುಳ್ಳೆ ಉಳಿದಲ್ಲಿ ಮುಂದೆ ಟೇಪು ಎದ್ದುಬರುತ್ತದೆ. ಟೇಪೇ ಬೇಡ, ಹಿಟ್ಟು ಸಾಕು ಎನ್ನುವ ಕೆಲಸದವನನ್ನು ಆ ಕ್ಷಣವೇ ತಡೆಯಬೇಕು. ಟೇಪಿಲ್ಲದ ಸಂದು ಒಂದು ಬೇಸಗೆ ಕಾಣುವುದಿಲ್ಲ.

ಇದು ಪೂರ್ತಿ ಒಣಗಿದ ಮೇಲೆ ಎರಡನೆಯ ಕೈ, ಮೊದಲಿಗಿಂತ ಅಗಲವಾಗಿ. ಅದೂ ಒಣಗಿದ ಮೇಲೆ ಮೂರನೆಯ ಕೈ, ಒಂದಡಿಯಷ್ಟು ಅಗಲಕ್ಕೆ, ಅಂಚು ದೋಸೆಯ ಅಂಚಿನಂತೆ ತೆಳುವಾಗಿ ಹಲಗೆಯಲ್ಲಿ ಲೀನವಾಗುವ ಹಾಗೆ. ಕೊಯ್ದ ಅಂಚುಗಳು ಕೂಡುವಲ್ಲಿ ಕಣಿವೆ ಇರುವುದಿಲ್ಲ, ಟೇಪು ದಿಬ್ಬವಾಗಿ ನಿಲ್ಲುತ್ತದೆ. ಆ ದಿಬ್ಬವನ್ನು ಅಳಿಸುವ ಉಪಾಯ ಉಜ್ಜುವುದಲ್ಲ, ಹಿಟ್ಟನ್ನು ಇನ್ನೂ ಅಗಲಕ್ಕೆ ಹರಡಿ ಕಣ್ಣನ್ನು ವಂಚಿಸುವುದು. ಒಳಮೂಲೆಗೆ ಟೇಪನ್ನು ನಡುವೆ ಮಡಿಸಿ ಹಾಕಬೇಕು. ಮಕ್ಕಳು ಓಡಾಡುವ ಹೊರಮೂಲೆಗೆ ತಗಡಿನ ಮೂಲೆಪಟ್ಟಿ ಇರಲೇಬೇಕು.

ಮೂರು ಕೈಗೆ ಮೂರು ದಿನ. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಒಂದೇ ದಿನಕ್ಕೆ ಮುಗಿಸಬಹುದೆಂಬ ಆಸೆ ಹುಟ್ಟುವುದು ಸಹಜ. ಫ್ಯಾನು ಹಾಕಿ ಒಣಗಿಸಿದ ಹಿಟ್ಟು ಮೇಲೆ ಒಣಗಿ ಒಳಗೆ ಹಸಿಯಾಗಿದ್ದು, ಕುಗ್ಗುವಾಗ ಕೂದಲೆಳೆಯಂತೆ ಸೀಳುತ್ತದೆ. ಕೊಯ್ಲಿನ ದಿನಗಳಲ್ಲಿ, ಹೊಟ್ಟಿನ ಬೂದಿ ಗಾಳಿಯಲ್ಲಿ ತೇಲಿ ಬರುವಾಗ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟದೆ ಈ ಕೆಲಸ ಬೇಡ.

ಒಣಗಿದ ಸಂದನ್ನು ನಯವಾದ ಮರಳುಕಾಗದದಿಂದ ಹಗುರವಾಗಿ ತೀಡಿ, ರಾತ್ರಿ ಕೋಣೆಯ ದೀಪ ಆರಿಸಿ, ಒಂದು ಟಾರ್ಚನ್ನು ಗೋಡೆಗೆ ಒತ್ತಿಹಿಡಿದು ಬೆಳಕನ್ನು ಅಡ್ಡಲಾಗಿ ಹಾಯಿಸಬೇಕು. ಹಗಲಲ್ಲಿ ಕನ್ನಡಿಯಂತಿದ್ದ ಗೋಡೆಯಲ್ಲಿ ಗುಡ್ಡಕಣಿವೆಗಳೆಲ್ಲ ನೆರಳು ಚೆಲ್ಲಿ ನಿಲ್ಲುತ್ತವೆ. ಕೆಲಸದವನ ಕೊನೆಯ ಕಂತನ್ನು ಈ ಟಾರ್ಚಿನ ಬೆಳಕಿನ ಅನಂತರವೇ ಕೊಡುವುದು ಜಾಣತನ. ಬಣ್ಣಕ್ಕೆ ಮೊದಲು ಪ್ರೈಮರ್ ಬಿಡಬಾರದು. ಕಾಗದವೂ ಹಿಟ್ಟೂ ಬಣ್ಣವನ್ನು ಒಂದೇ ಸಮನೆ ಹೀರುವುದಿಲ್ಲ. ಪ್ರೈಮರ್ ಇಲ್ಲದ ಗೋಡೆಯಲ್ಲಿ ಎರಡಡಿಗೋ ನಾಲ್ಕಡಿಗೋ ಒಂದರಂತೆ ಮಂಕಾದ ಪಟ್ಟೆಗಳು ಎದ್ದು ಕಾಣುತ್ತವೆ.

ಎಲ್ಲಿ ಬೇಕು, ಎಲ್ಲಿ ಬೇಡ

ಬಚ್ಚಲಿಗೆ, ಅಡಿಗೆಮನೆಯ ಪಾತ್ರೆ ತೊಳೆಯುವ ಗೋಡೆಗೆ, ಭತ್ತದ ಕೋಣೆಗೆ ಈ ಹಲಗೆ ಸಲ್ಲದು. ತೇವ ತಡೆಯುವ ಹಸಿರು ಕಾಗದದ ಹಲಗೆ ದೊರೆಯುತ್ತದೆ, ನಿಜ. ಅದು ಆವಿಯನ್ನು ತಡೆದೀತು, ಹರಿಯುವ ನೀರನ್ನಲ್ಲ. ಮಹಡಿಯ ಕೋಣೆಗಳನ್ನು ಬೇರ್ಪಡಿಸಲು, ಒಣ ಗೋಡೆಯ ಓದುಕೋಣೆಗೆ, ಛಾವಣಿಯ ಒಳಮೈಗೆ ಇದಕ್ಕಿಂತ ಅನುಕೂಲವಾದದ್ದು ಕಡಿಮೆ. ಸಿಮೆಂಟಿನ ಗಿಲಾವಿಗಾದರೆ ವಾರವಿಡೀ ನೀರು ಉಣಿಸಬೇಕು. ಇದಕ್ಕೆ ಹನಿಯೂ ಬೇಡ.

ಪಡುವಣ ಗೋಡೆಯ ಸೆಖೆ ತಡೆಯಲು ಹಲಗೆ ಹಾಕಿಸುವವರು ಒಂದು ಮಾತು ತಿಳಿದಿರಬೇಕು. ಅರ್ಧ ಅಂಗುಲದ ಹಲಗೆ ತಾನೇ ತಡೆಯುವುದು ಅಲ್ಪ. ತಡೆಯುವುದು ಹಿಂದಿನ ಗಾಳಿಯೆಡೆ, ಅದರಲ್ಲಿ ತುಂಬಿದ ಗಾಜಿನ ಉಣ್ಣೆ. ಅದಕ್ಕೂ ಮೊದಲು ಗೋಡೆಯ ಹೊರಗೆ ಒಂದು ಬೇವಿನ ಗಿಡ, ಒಂದು ಚಪ್ಪರ, ಮಾಳಿಗೆಯ ಮೇಲೆ ಬಿಳಿ ಸುಣ್ಣ ಇವಕ್ಕೆ ಹಣ ಹಾಕಿದವನು ಜಾಣ. ಕೊಪ್ಪಳ, ಯಲಬುರ್ಗಿಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳವರು ಇದನ್ನು ಪುಸ್ತಕ ಓದಿ ಕಲಿಯಲಿಲ್ಲ. ಅಂತಹ ಮನೆಯ ಕಲ್ಲುಮಣ್ಣಿನ ದಪ್ಪ ಗೋಡೆಗೆ, ದೀಪದ ಗೂಡುಗಳನ್ನೆಲ್ಲ ಮುಚ್ಚಿ ಹಲಗೆ ಹೊದಿಸುವುದು ಸಲ್ಲದ ಕೆಲಸ.

ಭತ್ತದ ನಾಡಿನಲ್ಲಿ ಹಲಗೆಗೆ ಜಿಪ್ಸಂ ಒಂದೇ ಗತಿಯೆ ಎಂಬ ಪ್ರಶ್ನೆಯೂ ಬಂದೀತು. 1930ರ ದಶಕದಲ್ಲಿಯೇ ಸ್ವೀಡನ್ನಿನಲ್ಲಿ ಹುಲ್ಲನ್ನು ಕಾಯಿಸಿ, ಒತ್ತಿ, ಅಂಟಿಲ್ಲದೆಯೇ ಗಟ್ಟಿ ಹಲಗೆ ಮಾಡಿ ಮೇಲೆ ಕಾಗದ ಹೊದಿಸುವ ವಿದ್ಯೆ ಹುಟ್ಟಿತು. ಭತ್ತದ ಹುಲ್ಲಿಗೂ ಆ ವಿದ್ಯೆ ಒಗ್ಗುತ್ತದೆ. ಗೆದ್ದಲಿಗೆ ಮದ್ದು ಹಾಕದೆ ಮಾತ್ರ ಅದನ್ನು ಇಲ್ಲಿ ನಿಲ್ಲಿಸುವಂತಿಲ್ಲ.

ಕೆಲಸ ಮುಗಿದ ಮೇಲೆ ಒಂದು ಇಡೀ ಹಲಗೆಯನ್ನು ಮಂಚದಡಿ ಮಲಗಿಸಿಡು ಎಂದು ಬಲ್ಲವರು ಹೇಳುತ್ತಾರೆ. ಮುಂದೆ ತೂತು ಬಿದ್ದಲ್ಲಿ ತೇಪೆಗೆ ಬೇಕಾಗುತ್ತದೆ. ಉಳಿದ ಚೂರುಗಳಲ್ಲಿ ಹಸಿರು ಕಾಗದದವನ್ನೂ, ಬಣ್ಣ ತಗುಲಿದವನ್ನೂ ಬೇರೆ ಎತ್ತಿಡಬೇಕು. ಅವುಗಳಲ್ಲಿ ಬೇರೆ ರಾಸಾಯನಿಕಗಳಿರುತ್ತವೆ. ಮಿಕ್ಕ ಸಾದಾ ಚೂರುಗಳನ್ನು ಒಂದು ಬಾನಿಯಲ್ಲಿ ನೆನೆಹಾಕಿದರೆ ಕಾಗದ ತಾನಾಗಿ ಬಿಟ್ಟುಕೊಳ್ಳುತ್ತದೆ. ಒಳಗಿನ ಬಿಳಿ ಜಿಪ್ಸಂ ಒಣಗಿಸಿ ಪುಡಿಮಾಡಿದರೆ, ಊರಾಚೆಯ ಸವಳು ಗದ್ದೆಗೆ ಒಂದು ಬುಟ್ಟಿಯಷ್ಟಾದೀತು.